ಬಾವಿ ಇರುವವರೂ ನಲ್ಲಿ ನೀರಿಗೆ ದುಡ್ಡು ಕೊಡಬೇಕೇ?

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ‘ನನ್ನ ಖರ್ಚಿನಲ್ಲೇ ಬಾವಿ ತೋಡಿಸಿಕೊಂಡೆ. ಪಂಪು, ಕರೆಂಟು ಎಲ್ಲಾ ನನ್ನದೇ. ಊರವರ ನಲ್ಲಿ ನೀರಿಗೆ ನನ್ನ ತೆರಿಗೆ ಯಾಕೆ? ಬಳಸಿದವರು ಮೀಟರ್ ನೋಡಿ ಕಟ್ಟಲಿ’ ಎಂದಿದ್ದೀರಿ. ನಿಮ್ಮ ಸಿಟ್ಟಿಗೆ ಕಾರಣವಿದೆ. ಐರ್ಲೆಂಡಿನ ಹಳ್ಳಿಗಳಲ್ಲೂ ಸ್ವಂತ ಬಾವಿಯವರು ಇದನ್ನೇ ಕೇಳಿದ್ದರು. ಅಲ್ಲಿ 2014ರಲ್ಲಿ ಮನೆಗಳ ನೀರಿಗೆ ಶುಲ್ಕ ಹಾಕಿದಾಗ ಜನ ಬೀದಿಗಿಳಿದರು. 2017ರಲ್ಲಿ ಕಟ್ಟಿದವರಿಗೆ ಹಣ ವಾಪಸ್ ಕೊಟ್ಟು, ಖರ್ಚನ್ನು ತೆರಿಗೆ ಹಣದಿಂದಲೇ ನಡೆಸಲು ತೀರ್ಮಾನಿಸಿದರು.

ನಾನೂ ತೆರಿಗೆಯ ಪರವೇ. ನೀರು ಕೊಡುವ ಖರ್ಚು ಬರೀ ಲೀಟರ್ ಲೆಕ್ಕದಲ್ಲಿ ಏರಿಳಿಯುವುದಿಲ್ಲ. ಹೆಚ್ಚಿನ ದುಡ್ಡು ನೆಲದಡಿಯ ಪೈಪಿಗೆ, ಶುದ್ಧೀಕರಣ ಘಟಕಕ್ಕೆ, ಟ್ಯಾಂಕಿಗೆ ಹೋಗುತ್ತದೆ. ನಡುರಾತ್ರಿ ಊರೆಲ್ಲ ಮಲಗಿದ್ದಾಗಲೂ ಪೈಪಿನಲ್ಲಿ ಒತ್ತಡ ಇರಬೇಕು. ಅದು ಇಳಿದರೆ ಬಿರುಕುಗಳಿಂದ ಹೊರಗಿನ ಕೊಳೆನೀರು ಒಳಗೆ ಸೇರುತ್ತದೆ. ಬೆಂಕಿ ಬಿದ್ದಾಗ ಅಗ್ನಿಶಾಮಕದವರಿಗೂ ಅದೇ ಪೈಪು. ಇದನ್ನೆಲ್ಲ ಯಾರ ಮೀಟರಿಗೆ ಹಾಕೋಣ?

ಇನ್ನು ನಿಮ್ಮ ಬಾವಿ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್‌ನಲ್ಲಿ ಒಂದು ಕೈಪಂಪಿನ ಸುತ್ತಲೇ ಕಾಲರಾ ಸಾವುಗಳು ಹೆಚ್ಚಾಗಿರುವುದನ್ನು ಡಾಕ್ಟರ್ ಜಾನ್ ಸ್ನೋ ತೋರಿಸಿಕೊಟ್ಟರು. ಆಮೇಲೆ ಅಗೆದು ನೋಡಿದರೆ, ಪಕ್ಕದ ಮನೆಯ ಮಲದ ಗುಂಡಿ ಆ ಪಂಪಿನ ಕೆಳಗಿನ ಬಾವಿಗೆ ಕೆಲವೇ ಅಡಿ ದೂರದಲ್ಲಿ ಸೋರುತ್ತಿತ್ತು. ಪಕ್ಕದವರ ಚರಂಡಿ ಸರಿ ಇದ್ದರೆ ತಾನೇ ನಿಮ್ಮ ಬಾವಿ ಚೆನ್ನಾಗಿರುವುದು, ಅಲ್ವಾ? ಆ ಚರಂಡಿಗೂ ಎಲ್ಲರ ಹಣವೇ ಬೇಕು.

ಹಾಗಂತ ಎಲ್ಲ ತೆರಿಗೆಯೂ ನ್ಯಾಯದ್ದು ಅನ್ನುತ್ತಿಲ್ಲ. ಸೋಪು ಕೊಂಡರೂ ತೆರಿಗೆ ಬೀಳುವ ಕಡೆ ಬಡವರೂ ಕೊಡುತ್ತಾರೆ. ಪೈಪೇ ಬಾರದ ಮನೆಯ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. 20 ಲೀಟರ್ ನೀರು ಹೊತ್ತರೆ 20 ಕಿಲೋ ಭಾರ, ಮೇಲೆ ಪಾತ್ರೆಯ ತೂಕ. ಅವಳು ತೆರಿಗೆಯನ್ನೂ ಕೊಟ್ಟು, ಎಷ್ಟೋ ಸಲ ನೀರನ್ನೂ ಕೊಂಡು ತರುತ್ತಾಳೆ. ನಿಮಗಿಂತ ಜಾಸ್ತಿ ಅನ್ಯಾಯ ಆಗಿರುವುದು ಅವಳಿಗೆ. ತೆರಿಗೆ ಹಣದ ಮುಂದಿನ ಪೈಪು ಮೊದಲು ಅವಳ ಬಾಗಿಲಿಗೆ ಹೋಗಲಿ.

ಮೀಟರ್ ಬೇಡವೇ ಬೇಡ ಅಂತಲ್ಲ. ದಕ್ಷಿಣ ಆಫ್ರಿಕಾ 2001ರಲ್ಲಿ ಮನೆಗೆ ತಿಂಗಳಿಗೆ 6,000 ಲೀಟರ್ ಉಚಿತ ಎಂಬ ನೀತಿ ತಂದಿತು. ಬದುಕಲು ಬೇಕಾದಷ್ಟು ತೆರಿಗೆಯಿಂದ ಬರಲಿ, ಈಜುಕೊಳ ತುಂಬಿಸುವವರು ಅದಕ್ಕೆ ಬೇರೆ ಕಟ್ಟಲಿ. ನಿಮ್ಮ ಬಾವಿ ನೀರಿನ ಪರೀಕ್ಷೆಯೂ ಇದೇ ತೆರಿಗೆ ಹಣದಲ್ಲಿ ಆಗಬೇಕು. ಅದನ್ನು ನೀವು ಜೋರಾಗಿಯೇ ಕೇಳಿ. ನಾವೂ ಜೊತೆಗೆ ಕೇಳುತ್ತೇವೆ.

– ಸಂಪಾದಕ