ಸೈನಿಕನಿಗೆ ಯಾಕೆ ಬೇರೆ ಕಾನೂನು?

ಕಾಪುವಿನ ಓದುಗರೊಬ್ಬರ ಪತ್ರ: "ಹೊರದೇಶದಲ್ಲಿರುವ ಸೈನಿಕರ ಮೇಲಿನ ಸಿವಿಲ್ ಕೇಸು ತಡೆಹಿಡಿಯುವ ಕಾನೂನಿದೆ ಎಂದು ಬರೆದಿದ್ದೀರಿ. ಪಕ್ಕದ ಮನೆಯ ಹುಡುಗ ಸೈನ್ಯದಿಂದ ಲೆಬನಾನ್‌ಗೆ ಹೋಗಿದ್ದಾನೆ, ನನ್ನ ಮಗ ದುಬೈಯಲ್ಲಿದ್ದಾನೆ. ಇಬ್ಬರೂ ಸಂಬಳಕ್ಕೇ ಹೋದವರಲ್ವಾ? ಒಬ್ಬನಿಗೆ ಯಾಕೆ ಈ ರಿಯಾಯಿತಿ?"

ನಿಮ್ಮ ಸಂಕಟ ನನಗೆ ಗೊತ್ತು. ಗಲ್ಫಿನ ದುಡ್ಡಿನಲ್ಲಿ ಎದ್ದ ಮನೆಗಳು ನಮ್ಮೂರಲ್ಲಿ ಬೇಕಾದಷ್ಟಿವೆ, ಅದರ ಹಿಂದಿನ ಬೆವರು ಸಣ್ಣದಲ್ಲ. ಆದರೆ ಮನೆಯಲ್ಲಿ ತೀರಾ ತೊಂದರೆಯಾದರೆ ನಿಮ್ಮ ಮಗ ಕೆಲಸ ಬಿಟ್ಟಾದರೂ ಬಜ್ಪೆ ವಿಮಾನ ನಿಲ್ದಾಣಕ್ಕೆ ಬಂದು ಇಳಿಯಬಹುದು. ಕಾಂಗೋದಲ್ಲೋ ದಕ್ಷಿಣ ಸುಡಾನ್‌ನಲ್ಲೋ ವಿಶ್ವಸಂಸ್ಥೆಯ ಕಾವಲಿಗೆ ನಿಂತವನು ಹಾಗೆ ಬರುವಂತಿಲ್ಲ. ಅವನನ್ನು ಕಳಿಸಿದ್ದು ನಾವು.

ನನ್ನ ಸೋದರಮಾವ 1988ರಲ್ಲಿ ಭಾರತದ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದಲ್ಲಿದ್ದರು. ಆಗಲೇ ಕೋರ್ಟಿನ ಅಮೀನ ಮನೆಗೆ ಸಮನ್ಸ್ ತಂದ. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಮಗ ರಜೆಗೆ ಬಂದಾಗ ನೋಡಲಿ ಅಂತ ಕಾಗದವನ್ನು ಜೋಪಾನವಾಗಿ ಅಕ್ಕಿ ಪೆಟ್ಟಿಗೆಯಲ್ಲಿಟ್ಟರು. ಮಾವ ಬರುವ ಹೊತ್ತಿಗೆ ಅವರ ಮಾತು ಕೇಳದೆಯೇ ಏಕಪಕ್ಷೀಯ ಡಿಕ್ರಿ, ಅಂದರೆ ಕೋರ್ಟಿನ ತೀರ್ಪು ಆಗಿ, ಬಾವಿಯಾಚೆಗಿನ ಅಡಿಕೆ ತೋಟಕ್ಕೆ ಬೇರೆಯವರ ಬೇಲಿ ಬಿದ್ದಿತ್ತು. ಟ್ರಂಕು ಕೆಳಗಿಡದೆ ಅವರು ಆ ಬೇಲಿಯನ್ನೇ ನೋಡುತ್ತಾ ನಿಂತಿದ್ದು ನನ್ನ ಕಣ್ಣಲ್ಲಿ ಹಾಗೇ ಇದೆ.

ಕಾನೂನು ಇರಲಿಲ್ವಾ? ಇತ್ತು. ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ, 1925ರದು. ಎದುರುಗಾರ ಹೊರದೇಶದಲ್ಲಿ ಇಂಥ ಸೈನಿಕ ಸೇವೆಯಲ್ಲಿದ್ದಾನೆಂದು ಗೊತ್ತಿದ್ದರೆ ದಾವೆ ಹಾಕುವವನೇ ಅದನ್ನು ಅರ್ಜಿಯಲ್ಲಿ ಹೇಳಬೇಕು. ಸೈನಿಕ ಬರಲಾರ ಎಂದು ಜಿಲ್ಲಾಧಿಕಾರಿಯೇ ಕೋರ್ಟಿಗೆ ದೃಢೀಕರಿಸಬಹುದು. ಆಗಿಹೋದ ಡಿಕ್ರಿಯನ್ನು ರದ್ದು ಮಾಡಿಸಲೂ ದಾರಿಯಿದೆ. ಇದನ್ನೆಲ್ಲ ಅಜ್ಜಿಗೆ ಯಾರೂ ಹೇಳಲಿಲ್ಲ. ಮಾವ ಆಮೇಲೆ ಹಿಡಿದ ವಕೀಲರೂ ಹೇಳಲಿಲ್ಲ.

ಸೈನಿಕನಿಗೆ ರಿಯಾಯಿತಿ ಕೊಟ್ಟದ್ದು ಇದೊಂದೇ ಕಾನೂನಲ್ಲ, ನಮ್ಮ ರಾಜ್ಯದ ಭೂಸುಧಾರಣಾ ಕಾನೂನನ್ನೇ ನೋಡಿ. 1974ರ ತಿದ್ದುಪಡಿ ಬಂದು ಉಳುವ ಭೂಮಿ ತಮ್ಮದಾಗಲಿ ಎಂದು ಗೇಣಿದಾರರು ಡಿಕ್ಲರೇಷನ್ ಅರ್ಜಿ ಹಾಕಲು ಸಾಲು ನಿಂತ ಕಾಲ. ಗೇಣಿಯೇ ಬೇಡ ಎಂದ ಆ ಕಾನೂನು ಕೂಡ ಸೈನಿಕನಿಗೆ ಮತ್ತು ನಾವಿಕನಿಗೆ ಭೂಮಿ ಗೇಣಿಗೆ ಕೊಡಲು ಬಿಟ್ಟಿತು. ಗಮನಿಸಿ, ಹಡಗಿನವನನ್ನೂ ಮರೆಯಲಿಲ್ಲ. ನಿಮ್ಮ ಮಗನಿಗೂ ಒಂದು ಕಾನೂನು ಬೇಕು ಅನ್ನಿ, ನಾನೂ ದನಿಗೂಡಿಸುತ್ತೇನೆ. ಸೈನಿಕನಿಗಿರುವುದನ್ನು ಕಿತ್ತುಕೊಳ್ಳಿ ಅನ್ನಬೇಡಿ.

ಇರುವುದೂ ಸಾಲದು. ಅಮೆರಿಕದಲ್ಲಿ 2003ರ ಕಾನೂನಿನ ಪ್ರಕಾರ ಸೈನಿಕ ಸೇವೆಗೆ ಸೇರುವ ಮುಂಚೆ ಮಾಡಿದ ಸಾಲಕ್ಕೆ, ಸೇವೆಯ ಅವಧಿಯಲ್ಲಿ ಶೇ. 6ಕ್ಕಿಂತ ಜಾಸ್ತಿ ಬಡ್ಡಿ ಹಾಕುವಂತಿಲ್ಲ. ನಮ್ಮ 1925ರ ಕಾಯ್ದೆಯಲ್ಲಿ ಬಡ್ಡಿಯ ಮಾತೇ ಇಲ್ಲ. ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಇದುವರೆಗೆ 2 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಕಳಿಸಿದ ದೇಶ ನಮ್ಮದು. ಕೊಡಗಿನ ಜನರಲ್ ತಿಮ್ಮಯ್ಯ 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಲೇ ತೀರಿಕೊಂಡರು. ಸರ್ಕಲ್ಲಿಗೆ ಹೆಸರಿಡುತ್ತೇವೆ, ಬೈಕ್ ರ‍್ಯಾಲಿ ಮಾಡುತ್ತೇವೆ. ಅದೇ ಸೈನಿಕನ ಹೆಂಡತಿ ಪಹಣಿ ತಿದ್ದುಪಡಿಗೆಂದು ತಾಲೂಕು ಕಚೇರಿಗೆ ಹೋದರೆ "ಗಂಡ ಬರಲಿ, ನೋಡುವ" ಅನ್ನುತ್ತಾರೆ. ಇದು ನನಗೆ ಸಹಿಸಲಾಗದ ಸಂಗತಿ.

ನಿಮ್ಮಿಂದ ಒಂದು ಉಪಕಾರ ಆಗಬೇಕು. ಪಕ್ಕದ ಮನೆಗೆ ಹೋಗಿ ಆ ಹುಡುಗನ ತಾಯಿಗೆ ಈ ಪುಟ ಓದಿ ಹೇಳಿ. ಕೋರ್ಟಿನ ಕಾಗದ ಏನಾದರೂ ಬಂದು ಮನೆಯಲ್ಲಿ ಬಿದ್ದಿದೆಯಾ ಅಂತಲೂ ಕೇಳಿ.