ಕ್ಯಾನ್ಸರ್ ಆಗಿರುವ ಅಪ್ಪ "ಇಂಜೆಕ್ಷನ್ ಕೊಟ್ಟು ಮುಗಿಸಿ" ಎನ್ನುತ್ತಾರೆ. ಕರ್ನಾಟಕದಲ್ಲಿ ದಯಾಮರಣಕ್ಕೆ ಅವಕಾಶ ಇದೆಯಾ?

ನೀವು ಕೇಳಿದ ಅರ್ಥದಲ್ಲಿ ಇಲ್ಲ. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ರೋಗಿಯೇ ಕೈ ಮುಗಿದು ಕೇಳಿದರೂ ಅಷ್ಟೇ, ಡಾಕ್ಟರೇ ಕೊಟ್ಟರೂ ಅಷ್ಟೇ. ಮಾತ್ರೆ ತಂದು ಕೈಗಿಟ್ಟು "ನೀವೇ ತಗೊಳ್ಳಿ" ಎಂದರೆ ಅದು ಆತ್ಮಹತ್ಯೆಗೆ ನೆರವು, ಭಾರತೀಯ ನ್ಯಾಯ ಸಂಹಿತೆಯ 108ನೇ ಸೆಕ್ಷನ್, ಹತ್ತು ವರ್ಷದವರೆಗೆ ಜೈಲು.

ನೀವು ಶಿರಸಿ ಕಡೆಯವರು. ಅಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಲಿವರಿಗೂ ಹಬ್ಬಿದೆ, ಹುಬ್ಬಳ್ಳಿಯಲ್ಲಿ "ಇನ್ನು ಮನೆಯಲ್ಲೇ ನೋಡಿಕೊಳ್ಳಿ" ಎಂದು ಕಳಿಸಿದ್ದಾರೆ, ಬೆಂಗಳೂರಿನ ಅಣ್ಣ ಮಾತ್ರ ಮತ್ತೆ ಐಸಿಯುಗೆ ಹಾಕೋಣ ಅಂತಿದ್ದಾರೆ, 2025ರ ಸರ್ಕಾರದ ಆದೇಶದಲ್ಲಿ ಅರ್ಜಿ ಹಾಕಬಹುದಾ, ಹಾಕಿದರೆ ಪಾಪ ಬರುತ್ತಾ ಎಂದು ಕೇಳಿದ್ದೀರಿ. ನಾನು ಕುಮಟಾದವಳು, ತುಂಬಾ ವರ್ಷ ಐಸಿಯುನಲ್ಲಿ ನರ್ಸ್ ಆಗಿದ್ದೆ. ಹಾಗಾಗಿ ಕಾನೂನಿಗಿಂತ ಮೊದಲು ಒಂದು ಮಾತು ಕೇಳುತ್ತೇನೆ. ಅಪ್ಪನಿಗೆ ನೋವಿಗೆ ಏನು ಕೊಡುತ್ತಿದ್ದೀರಿ?

ಯಾಕೆ ಕೇಳಿದೆ ಅಂದರೆ, "ಮುಗಿಸಿಬಿಡಿ" ಎಂದ ಎಷ್ಟೋ ಜನರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋವು ಹಿಡಿತಕ್ಕೆ ಬಂದು ಒಂದು ರಾತ್ರಿ ನೆಟ್ಟಗೆ ನಿದ್ದೆ ಮಾಡಿದ ಮೇಲೆ ಅವರಲ್ಲಿ ಜಾಸ್ತಿ ಜನ ಆ ಮಾತನ್ನು ಬಿಟ್ಟುಬಿಡುತ್ತಿದ್ದರು. ಎಲ್ಲರೂ ಅಲ್ಲ. ಆದರೆ ಜಾಸ್ತಿ ಜನ. ಕ್ಯಾನ್ಸರ್ ನೋವಿಗೆ ಪ್ಯಾರಾಸಿಟಮಾಲ್ ಸಾಲುವುದಿಲ್ಲ, ಮಾರ್ಫಿನ್ ಬೇಕು. ಬಾಯಿಂದ ನುಂಗುವ ಸಾಮಾನ್ಯ ಮಾತ್ರೆ, ನಾಲ್ಕು ಗಂಟೆಗೊಮ್ಮೆ, ಬೆಲೆಯೂ ಕಡಿಮೆ. ಮಲಬದ್ಧತೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಮದ್ದು ಸೇರಿಸುತ್ತಾರೆ. "ಅದು ಅಫೀಮು, ಚಟ ಆಗುತ್ತೆ, ಬೇಗ ಸಾಯ್ತಾರೆ" ಎಂದು ನೆಂಟರು ಹೆದರಿಸುತ್ತಾರೆ. ಡಾಕ್ಟರು ಅಳತೆ ನೋಡಿ ಕೊಟ್ಟ ಮಾರ್ಫಿನ್‌ನಿಂದ ಹಾಗೆ ಆಗುವುದಿಲ್ಲ. ಮೊದಲು ಇದನ್ನು ಇಟ್ಟುಕೊಳ್ಳಲು ಆಸ್ಪತ್ರೆಗಳಿಗೆ ಹತ್ತಾರು ಲೈಸೆನ್ಸಿನ ತಾಪತ್ರಯ ಇತ್ತು. 2014ರಲ್ಲಿ ಎನ್‌ಡಿಪಿಎಸ್, ಅಂದರೆ ಮಾದಕ ವಸ್ತುಗಳ ಕಾಯ್ದೆ ತಿದ್ದಿ ಅದನ್ನು ಸಡಿಲ ಮಾಡಿದರು. ಆದರೂ ನಮ್ಮ ಜಿಲ್ಲೆಯಲ್ಲಿ ನೋವಿನ ಮದ್ದಿಗೆ ಜನ ಘಟ್ಟ ಹತ್ತಿಳಿಯುವುದು ತಪ್ಪಿಲ್ಲ. ಇದು ನನಗೆ ತುಂಬಾ ಸಿಟ್ಟು ತರಿಸುವ ವಿಷಯ. ಹುಬ್ಬಳ್ಳಿಯ ಅದೇ ಡಾಕ್ಟರ ಹತ್ತಿರ "ಪ್ಯಾಲಿಯೇಟಿವ್ ಕೇರ್" ಎಂದು ಹೆಸರು ಹೇಳಿಯೇ ಕೇಳಿ, ಅಂದರೆ ಗುಣವಾಗದ ರೋಗಿಯ ನೋವು, ನರಳಾಟ ಇಳಿಸುವ ಆರೈಕೆ.

ಈಗ ಆದೇಶದ ವಿಷಯ. 2025ರ ಜನವರಿ 30ರಂದು ಆರೋಗ್ಯ ಇಲಾಖೆ ಹೊರಡಿಸಿದ್ದು ಹೊಸ ಕಾನೂನಲ್ಲ. ಸುಪ್ರೀಂ ಕೋರ್ಟು 2018ರ ಮಾರ್ಚ್ 9ರಂದು ಕಾಮನ್ ಕಾಸ್ ಎಂಬ ಸಂಸ್ಥೆ ಹಾಕಿದ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು, 2023ರ ಜನವರಿಯಲ್ಲಿ ಸ್ವಲ್ಪ ಸುಲಭ ಮಾಡಿದ ನಿಯಮಗಳ ಜೊತೆ, ನಮ್ಮ ಆಸ್ಪತ್ರೆಗಳಲ್ಲಿ ಜಾರಿ ಮಾಡಿ ಎಂದು ಹೇಳಿದ್ದು. ಗುಣವಾಗುವ ಆಸೆಯೇ ಇಲ್ಲದ ರೋಗಿಗೆ ವೆಂಟಿಲೇಟರ್‌ನಂಥ ಜೀವ ಎಳೆಯುವ ಚಿಕಿತ್ಸೆಯನ್ನು ಹಾಕದೆ ಇರಬಹುದು, ಹಾಕಿದ್ದರೆ ತೆಗೆಯಬಹುದು. ಅಷ್ಟೇ ಅದರಲ್ಲಿರುವುದು. ರೋಗಿಗೆ ಹೇಳುವ ಸ್ಥಿತಿ ಇಲ್ಲದಿದ್ದರೆ ಮೊದಲು ಚಿಕಿತ್ಸೆ ಮಾಡುವ ಡಾಕ್ಟರು ಮತ್ತು ಇನ್ನಿಬ್ಬರು ತಜ್ಞರ ಮಂಡಳಿ ನೋಡುತ್ತದೆ. ಮನೆಯವರು ಒಪ್ಪಬೇಕು. ಆಮೇಲೆ ಎರಡನೇ ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಕಡೆಯ ಡಾಕ್ಟರೊಬ್ಬರು ಇರುತ್ತಾರೆ. ಮ್ಯಾಜಿಸ್ಟ್ರೇಟರಿಗೆ ತಿಳಿಸಿ ಮುಂದಿನ ಹೆಜ್ಜೆ. ಪೇಪರಿನಲ್ಲಿ "ದಯಾಮರಣಕ್ಕೆ ಅಸ್ತು" ಎಂದು ದೊಡ್ಡ ಅಕ್ಷರದಲ್ಲಿ ಬಂದಿದ್ದರಿಂದ ಇಂಜೆಕ್ಷನ್ನೇ ಸಿಗುತ್ತದೆ ಎಂದುಕೊಂಡವರು ನೀವೊಬ್ಬರೇ ಅಲ್ಲ.

ನಿಮ್ಮ ಅಪ್ಪನಿಗೆ ಎಚ್ಚರ ಇದೆ, ಬುದ್ಧಿ ಸರಿ ಇದೆ. ಹಾಗಾದರೆ ಮಂಡಳಿಯೂ ಬೇಡ, ಅರ್ಜಿಯೂ ಬೇಡ. "ನನಗೆ ಐಸಿಯು ಬೇಡ, ಟ್ಯೂಬ್ ಬೇಡ" ಎಂದು ಹೇಳುವ ಹಕ್ಕು ಅವರಿಗೇ ಇದೆ. ಅಣ್ಣನಿಗೆ ಅದನ್ನು ದಾಟುವ ಅಧಿಕಾರ ಇಲ್ಲ.

ಈ ಕಾನೂನು ಹುಟ್ಟಿದ್ದೇ ನಮ್ಮ ಜಿಲ್ಲೆಯ ಹುಡುಗಿಯೊಬ್ಬಳ ಮೈಮೇಲೆ. ಅರುಣಾ ಶಾನಭಾಗ್, ಹೊನ್ನಾವರ ತಾಲೂಕಿನ ಹಳದೀಪುರದವರು. ನರ್ಸ್ ಆಗಿ ಮುಂಬೈಯ ಕೆಇಎಂ ಆಸ್ಪತ್ರೆಗೆ ಹೋದವರು. 1973ರ ನವೆಂಬರ್ 27ರ ರಾತ್ರಿ ಅಲ್ಲಿನ ವಾರ್ಡ್ ಬಾಯ್ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದು ಅವರ ಮೇಲೆ ಎರಗಿದ. ಮೆದುಳಿಗೆ ರಕ್ತ ಹೋಗದೆ, ಅಲ್ಲಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಹೋಗುವ ತನಕ, 42 ವರ್ಷದ ಹತ್ತಿರ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವನಿಗೆ ಆಗಿದ್ದು ಏಳು ವರ್ಷ ಜೈಲು. ಅವರಿಗೆ ಊಟ ನಿಲ್ಲಿಸಿ ಬಿಡುಗಡೆ ಕೊಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚ್ 7ರಂದು ಕೋರ್ಟು ಅದನ್ನು ಒಪ್ಪಲಿಲ್ಲ. ಅಷ್ಟು ವರ್ಷ ಅವರ ಬಾಯಿಗೆ ತುತ್ತಿಟ್ಟ ನರ್ಸುಗಳೇ ಅವರ ಹತ್ತಿರದವರು, ಅವರಿಗೆ ಆಕೆ ಬದುಕಿರಬೇಕು ಎಂದಿದೆ ಎಂದಿತು. ಆದರೆ ಅದೇ ತೀರ್ಪಿನಲ್ಲಿ, ಚಿಕಿತ್ಸೆ ಹಿಂತೆಗೆಯುವುದಕ್ಕೆ ಮೊದಲ ಸಲ ದಾರಿ ಬಿಟ್ಟಿತು. ನಾವು ನರ್ಸುಗಳು ಈ ತೀರ್ಪಿನ ಬಗ್ಗೆ ಬಹಳ ಜಗಳ ಆಡಿದ್ದೇವೆ. ನನಗೆ ಅನಿಸುವುದು ಇಷ್ಟು: ಆ ನರ್ಸುಗಳ ಪ್ರೀತಿ ದೊಡ್ಡದು, ಆದರೆ ಅರುಣಾಗೆ ಏನು ಬೇಕಿತ್ತು ಎಂದು ಹೇಳಲು ಅವರಿಗೂ ಆಗುತ್ತಿರಲಿಲ್ಲ, ವಿರಾನಿಯವರಿಗೂ ಆಗುತ್ತಿರಲಿಲ್ಲ, ಯಾಕೆಂದರೆ ಅರುಣಾ ಎಂದೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. 25ರ ಆಸುಪಾಸಿನ ಹುಡುಗಿಯನ್ನು ಯಾರು ಕೇಳುತ್ತಾರೆ.

ನಿಮ್ಮ ಅಪ್ಪನನ್ನು ಕೇಳಬಹುದು. ಇವತ್ತೇ ಕೇಳಿ. ಅದನ್ನು ಬರೆದಿಡಿ. ಇದಕ್ಕೆ ಲಿವಿಂಗ್ ವಿಲ್ ಎನ್ನುತ್ತಾರೆ. ಯಾವ ಚಿಕಿತ್ಸೆ ಬೇಡ, ತನಗೆ ಮಾತಾಡಲು ಆಗದಾಗ ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಕನಿಷ್ಠ ಇಬ್ಬರ ಹೆಸರು ಬರೆದು, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಣ ಮಾಡಿಸಬೇಕು. 2018ರಲ್ಲಿ ಮ್ಯಾಜಿಸ್ಟ್ರೇಟರ ಸಹಿಯೇ ಬೇಕಿತ್ತು, 2023ರಲ್ಲಿ ಅದನ್ನು ತೆಗೆದರು. ಒಂದು ಪ್ರತಿ ಮನೆಯವರಿಗೆ, ಒಂದು ಪಂಚಾಯ್ತಿ ಅಥವಾ ನಗರಸಭೆಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಹಿಂದಕ್ಕೆ ತಗೊಳ್ಳಬಹುದು. ಕಾರವಾರದಿಂದ ಕಾಳಿ ಸೇತುವೆ ದಾಟಿದರೆ ಸಿಗುವ ಗೋವಾದಲ್ಲಿ 2024ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಎಂ. ಎಸ್. ಸೋನಕ್ ಅವರೇ ಮೊದಲಿಗರಾಗಿ ತಮ್ಮದನ್ನು ಬರೆದಿಟ್ಟರು.

ಬರೆದಿಡದ ಮನೆಗಳಲ್ಲಿ ಏನಾಗುತ್ತದೆ ಎಂದೂ ಹೇಳುತ್ತೇನೆ. ದುಡ್ಡು ಖಾಲಿ ಆದ ದಿನ ಮನೆಯವರು "ಡಾಮಾ" ಸಹಿ ಹಾಕುತ್ತಾರೆ, ಅಂದರೆ ಡಾಕ್ಟರ ಮಾತು ಮೀರಿ ನಮ್ಮ ಜವಾಬ್ದಾರಿಯಲ್ಲಿ ಕರೆದುಕೊಂಡು ಹೋಗುತ್ತೇವೆ ಎಂದು. ಮಣಿಪಾಲದಿಂದಲೋ ಮಂಗಳೂರಿನಿಂದಲೋ ಹೈವೇ ಉದ್ದಕ್ಕೂ ಆಂಬುಲೆನ್ಸಿನಲ್ಲಿ ಮಗನೇ ಆಂಬು ಬ್ಯಾಗ್, ಅಂದರೆ ಉಸಿರು ಕೊಡುವ ಚೀಲ, ಕೈಯಿಂದ ಒತ್ತುತ್ತಾ ಬರುತ್ತಾನೆ. ಮನೆಯ ಜಗಲಿಯಲ್ಲಿ ಟ್ಯೂಬ್ ತೆಗೆಯುತ್ತಾರೆ. ಉಸಿರು ಕಟ್ಟುವ ಸಂಕಟ ಇಳಿಸಲು ಒಂದು ಮದ್ದೂ ಕೈಯಲ್ಲಿ ಕೊಟ್ಟಿರುವುದಿಲ್ಲ. ಅದೂ ಚಿಕಿತ್ಸೆ ನಿಲ್ಲಿಸುವುದೇ ಅಲ್ವಾ? ಅದಕ್ಕೆ ಯಾವ ಮಂಡಳಿಯೂ ಕೂರುವುದಿಲ್ಲ.

ಹಾಗಾಗಿ ನೆದರ್ಲೆಂಡ್ಸಿನಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ ಡಾಕ್ಟರೇ ಇಂಜೆಕ್ಷನ್ ಕೊಡಬಹುದು, ನಮ್ಮಲ್ಲೂ ತನ್ನಿ ಎಂದು ವಾದಿಸುವವರಿಗೆ ನನ್ನ ಉತ್ತರ: ಈಗ ಬೇಡ. ಸ್ವಂತ ಸಾವಿನ ಮೇಲೆ ಮನುಷ್ಯನಿಗೆ ಹಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ, ಹಕ್ಕಿದೆ ಎನ್ನುವ ಅವರ ಮಾತು ನ್ಯಾಯವೇ. ಆದರೆ ನೋವಿನ ಮಾತ್ರೆ ಸಿಗದ, ಐಸಿಯು ಬಿಲ್ಲಿಗೆ ತೋಟ ಅಡವಿಡುವ ಊರಲ್ಲಿ, "ನನ್ನಿಂದ ಮಕ್ಕಳಿಗೆ ಭಾರ" ಎಂದು ಒಳಗೇ ಕುಗ್ಗಿದ ಮುದುಕರು ಆ ಇಂಜೆಕ್ಷನ್ ಕೇಳಿದರೆ ಅದು ಅವರ ಆಯ್ಕೆಯಾ, ನಮ್ಮ ಒತ್ತಾಯವಾ? ನನಗೆ ಅದರ ಭಯ ಜಾಸ್ತಿ.

ಪಾಪದ ಪ್ರಶ್ನೆ. ನಿಮ್ಮ ಶಿರಸಿ ಪಕ್ಕದ ಸೋಂದೆಯಲ್ಲೇ ಜೈನ ಮಠ ಇದೆ. ಅವರಲ್ಲಿ ಸಲ್ಲೇಖನ ವ್ರತ ಇದೆ, ಕೊನೆಗಾಲದಲ್ಲಿ ಅನ್ನ ನೀರು ಬಿಟ್ಟು ಹೋಗುವುದು. ರಾಜಸ್ಥಾನ ಹೈಕೋರ್ಟು 2015ರ ಆಗಸ್ಟಿನಲ್ಲಿ ಅದು ಆತ್ಮಹತ್ಯೆ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು. ಗುಣವಾಗದ ದೇಹಕ್ಕೆ ಮೆಷಿನ್ ಬೇಡ ಎನ್ನುವುದರಲ್ಲಿ ನನಗೆ ಪಾಪ ಕಾಣುವುದಿಲ್ಲ. ನರಳುವವರನ್ನು ಮದ್ದಿಲ್ಲದೆ ಬಿಡುವುದರಲ್ಲಿ ಕಾಣುತ್ತದೆ.

ಅಣ್ಣನನ್ನು ಫೋನಿನಲ್ಲಿ ಒಪ್ಪಿಸಲು ಹೋಗಬೇಡಿ, ಅಲ್ಲಿಂದ ಅವರಿಗೆ ಸುಮ್ನೆ ಭಯ ಮತ್ತು ತಪ್ಪಿತಸ್ಥ ಭಾವನೆ ಮಾತ್ರ ಇರುತ್ತದೆ. ಊರಿಗೆ ಕರೆಸಿ, ಅಪ್ಪನ ಬಾಯಿಂದಲೇ ಕೇಳಲಿ. ಅದಕ್ಕೆ ಮೊದಲು ಮಾರ್ಫಿನ್ ಶುರು ಆಗಿರಲಿ, ನೋವು ಇಳಿದ ಮೇಲೆ ಅಪ್ಪ ಏನು ಹೇಳುತ್ತಾರೋ ಅದನ್ನೇ ಬರೆದುಕೊಳ್ಳಿ.