ವಂಡರ್‌ಲಾ ದಾರಿಯಲ್ಲಿ 4 ವರ್ಷದ ಮಗಳಿಗೆ ವಾಂತಿ
ಬೆಂಗಳೂರಿನಿಂದ ಬಿಡದಿ ಹತ್ತಿರದ ವಂಡರ್‌ಲಾ ಪಾರ್ಕಿಗೆ ಕಾರಿನಲ್ಲಿ ಹೋಗುವಾಗ ಮಗಳ ಕೈಗೆ ಮೊಬೈಲ್ ಕೊಡುತ್ತೇವೆ, ಕೆಂಗೇರಿ ದಾಟುವ ಮೊದಲೇ ವಾಂತಿ ಶುರು, ಏನು ಮಾಡುವುದು ಎಂದು ಕೇಳಿದ್ದೀರಿ. ಬಹುಶಃ ಕಾರಣ ಆ ಮೊಬೈಲೇ. ಕಣ್ಣು ಸ್ಕ್ರೀನ್ ಮೇಲೆ ನಿಂತಿರುತ್ತದೆ, ಒಳಕಿವಿಗೆ ಮಾತ್ರ ಕಾರಿನ ಓಲಾಟ ಗೊತ್ತಾಗುತ್ತದೆ. ಎರಡೂ ಹೊಂದದೆ ಹೊಟ್ಟೆ ತೊಳಸುತ್ತದೆ. ನನ್ನ ಮಗನಿಗೂ ಹೀಗೇ ಆಗುತ್ತಿತ್ತು.

ಮೊದಲು ಮೊಬೈಲ್ ಬಿಡಿಸಿ. ಹೊರಡುವ ಒಂದು ಗಂಟೆ ಮುಂಚೆ ಒಂದೇ ಇಡ್ಲಿ ಕೊಡಿ, ಹಾಲು ಬೇಡ. ಬಿಡದಿ ತಟ್ಟೆ ಇಡ್ಲಿ ವಾಪಸ್ ಬರುವಾಗ ಇರಲಿ. ಮುಂದಿನ ರಸ್ತೆ ಕಾಣುವ ಹಾಗೆ ಚೈಲ್ಡ್ ಸೀಟಿನಲ್ಲಿ ಕೂರಿಸಿ, ಕಿಟಕಿ ಸ್ವಲ್ಪ ಇಳಿಸಿ. ಬೆಳಿಗ್ಗೆ ಬೇಗ ಹೊರಡಿ. ಮೈಸೂರು ರಸ್ತೆ ಟ್ರಾಫಿಕ್ಕಿನಲ್ಲಿ ಬ್ರೇಕ್ ಹಾಕಿ ಹಾಕಿ ಹೋಗುವುದೇ ಮಕ್ಕಳಿಗೆ ಜಾಸ್ತಿ ಕಷ್ಟ, ಅಲ್ವಾ?

ಆಮೇಲೂ ನಿಲ್ಲದಿದ್ದರೆ ಮಕ್ಕಳ ಡಾಕ್ಟರನ್ನು ಕೇಳಿ. ಮೆಡಿಕಲ್ ಶಾಪಿನಿಂದ ಸುಮ್ನೆ ಮಾತ್ರೆ ತಂದು ಕೊಡಬೇಡಿ. ಕೈಗೆ ಸಿಗುವ ಹಾಗೆ ಕವರ್, ಟವೆಲ್, ಒಂದು ಜೊತೆ ಬಟ್ಟೆ ಇಟ್ಟುಕೊಳ್ಳಿ.